ಒಬ್ಬ ಕಮ್ಮಿ

ಹೋದ ತಿಂಗಳು ಭದ್ರಾವತಿಯಲ್ಲೊಂದು ಮದುವೆಯಿತ್ತು. ಆಲ್ಕೊಳದ ಮಗನ ಮನೆಯಿಂದ ಹೊರಟು ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಮಾಚೇನಹಳ್ಳಿ ಬಂತು. ರಸ್ತೆ ಪಕ್ಕದ ಯಾವುದೋ ಸಣ್ಣ ಫೌಂಡ್ರಿಯಲ್ಲಿ ಆಗತಾನೆ ಕಬ್ಬಿಣ ಕರಗಿಸಿ ಸುರಿದಿದ್ದರೇನೋ, ಕಾದ ಕಬ್ಬಿಣದ, ಸುಟ್ಟ ಮರಳಿನ ವಾಸನೆ ಕಿಟಕಿಯೊಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ವೇಲಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಮೂಗರಳಿಸಿ ಎಳೆದುಕೊಂಡೆ.

"ಅಜ್ಜಿ, ಕೆಮ್ಮು ಬರುತ್ತೆ. ಕಿಟಕಿ ಹಾಕ್ಕೊಳ್ಳಿ" ಅಂದಳು.

"ಬರ್ಲಿ ಬಿಡು ಮಾರಾಯ್ತಿ. ಇದು ನಮ್ಮಪ್ಪನ ವಾಸನೆ" ಅಂದೆ.

ಅವಳು ನಕ್ಕಳು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಆ ವಾಸನೆ ನನಗೆ ನೆನಪಿಗೆ ತರುವುದು ಒಂದೇ ವರ್ಷವನ್ನು, ಯುದ್ಧ ಮುಗಿದು ಅಪ್ಪಾಜಿ ಮನೆಗೆ ಬಂದ ವರ್ಷವನ್ನು. ಬಂದರು ಅನ್ನುವುದೂ ಪೂರ್ತಿ ಸರಿಯಲ್ಲ. ಮೈ ಬಂದದ್ದು ದೀಪಾವಳಿ ಕಳೆದ ಮೇಲೆ. ಮಿಕ್ಕಿದ್ದು ಬರುವ ಹೊತ್ತಿಗೆ ಯುಗಾದಿ ಹತ್ತಿರವಾಗಿತ್ತು.

ಅಪ್ಪಾಜಿಯ ಹೆಸರು ಹಾಲೇಶಪ್ಪ. ಹೊಳಲೂರಿನ ಬೇಸಾಯದ ಮನೆಯವರು. ಶಿವಮೊಗ್ಗದಲ್ಲಿ ಅವರಿವರ ಮನೆಯಲ್ಲಿ ವಾರದನ್ನ ಉಂಡು ಹೈಸ್ಕೂಲು ಓದಿದರು. ಮಗ ಶೇಕದಾರನಾಗಿ ಊರಿಗೆ ಕುದುರೆ ಏರಿ ಬರುತ್ತಾನೆ ಅಂತ ಅಜ್ಜ ಕಾದರೆ, ಮಗ ಮಹಾರಾಜರ ಪಲ್ಟನ್ನಿಗೆ ಸೇರಿದ್ದೇನೆ ಅಂತ ಕಾಗದ ಬರೆದನಂತೆ. ಇಪ್ಪತ್ತರ ದಶಕದ ಮಾತು. ನಮ್ಮ ಕಡೆ ಆಗ ಸಿಪಾಯಿಗೆ ಹೆಣ್ಣು ಕೊಡುವವರೇ ಇರಲಿಲ್ಲ. "ನೇಗಿಲು ಹಿಡಿಯೋ ಕೈಗೆ ಕೋವಿ ಯಾಕಪ್ಪಾ" ಅಂತ ಅಜ್ಜ ಒಂದು ಸುಗ್ಗಿ ಪೂರ್ತಿ ಮಾತು ಬಿಟ್ಟಿದ್ದರು. ಆದರೆ ಓದು ಬರಹ ಬಲ್ಲ, ಯಾವ ಕೆಲಸಕ್ಕೂ ಬೆನ್ನು ತೋರಿಸದ ಸಿಪಾಯಿ ಬೇಗ ಮೇಲೇರಿದ. ಹವಾಲ್ದಾರನಾದ, ಜಮಾದಾರನಾದ. ನಾನು ಹುಟ್ಟುವ ಹೊತ್ತಿಗೆ ಲೆಫ್ಟಿನೆಂಟ್ ಆಗಿ ಭುಜದ ಮೇಲೆ ನಕ್ಷತ್ರ ಬಂದಿತ್ತು. ಆಮೇಲೆ ಅಜ್ಜನೇ ಸಂತೆಯಲ್ಲಿ ನಿಂತು "ನಮ್ಮ ಹುಡುಗ ಆಫೀಸರ್ ಕಣ್ರೋ" ಅನ್ನುತ್ತಿದ್ದರಂತೆ.

ಆಫೀಸರ್ ಅನ್ನುವುದು ಹೊರಗಿನವರಿಗೆ. ಬೆಂಗಳೂರಿನ ಪಲ್ಟನ್ ಲೈನಿನ ನಮ್ಮ ಮನೆಯಲ್ಲಿ ಅವರು ನಮಗೆ ಎಣ್ಣೆ ಹಚ್ಚುವವರು, ಜಡೆ ಹೆಣೆಯುವವರು, ಅವ್ವನ ಕುಪ್ಪಸಕ್ಕೆ ಗುಂಡಿ ಹೊಲಿಯುವವರು. ಗುಂಡಿ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಭಾನುವಾರ ನೀರೆರೆಯುವ ಮುಂಚೆ ನಮ್ಮಿಬ್ಬರನ್ನೂ ಹಿತ್ತಿಲಲ್ಲಿ ಸಾಲಾಗಿ ನಿಲ್ಲಿಸಿ ಹಾಜರಿ ತೆಗೆದುಕೊಳ್ಳುತ್ತಿದ್ದರು.

"ಸುಶೀಲಾ!"

"ಹಾಜರ್!" ಅಂತ ನಾನು ಕಿರುಚುತ್ತಿದ್ದೆ.

"ನೀಲಾ!"

ನನ್ನ ತಂಗಿ ನೀಲನಿಗೆ ನಾಲಿಗೆ ತಿರುಗುತ್ತಿರಲಿಲ್ಲ. "ಆಜಲ್" ಅನ್ನುತ್ತಿದ್ದಳು.

"ಪಾರ್ವತಮ್ಮ!"

"ಇದ್ದೀನಿ, ಇನ್ನೆಲ್ಲಿಗೆ ಹೋಗ್ಲಿ" ಅಂತ ಅವ್ವ ಅಡಿಗೆಮನೆಯಿಂದಲೇ ಹಾಜರಿ ಹಾಕುತ್ತಿದ್ದಳು. ಆಗ ಅಪ್ಪಾಜಿ ದನಿ ಏರಿಸುತ್ತಿದ್ದರು. "ಎಲ್ಲರದ್ದೂ ಆಯ್ತು. ನನ್ನ ಹಾಜರಿ ಯಾರು ತಗೋತೀರಿ?"

ಅದು ಅವ್ವನನ್ನು ಕೆಣಕುವ ಮಾತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಇದ್ದ ನಂಬಿಕೆ. ಎಲ್ಲರೂ ಒಂದು ಪಾಲಿಸಿದರೆ ಅವ್ವ ಎರಡು ಪಾಲಿಸುವವಳು. ಹಾಲೇಶಪ್ಪ ಅನ್ನುವುದು ಹಾಗಿರಲಿ, ಆ ಹೆಸರಿನಲ್ಲಿ ಹಾಲು ಇದೆ ಅಂತ ಹಾಲನ್ನೂ ಹಾಲು ಅನ್ನುತ್ತಿರಲಿಲ್ಲ. "ಬಿಳೇದು" ಅನ್ನುತ್ತಿದ್ದಳು. "ಸುಶೀ, ಬಿಳೇದು ಉಕ್ಕುತ್ತೆ ನೋಡೇ." ಮದುವೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳುವ ಶಾಸ್ತ್ರವಿದೆಯಲ್ಲ, ಅವತ್ತು ಹೇಳಿದೆ ಅಂತ ಅವಳು, ಇವಳ ತುಟಿ ಅಲ್ಲಾಡಿದ್ದಷ್ಟೇ ಕಂಡಿದ್ದು ಅಂತ ಸೋದರತ್ತೆಯರು. ಆ ಜಗಳ ಬಗೆಹರಿಯಲೇ ಇಲ್ಲ. "ಒಂದು ಸಲ ಕೇಳಿಸ್ಕೊಂಡು ಸಾಯ್ತೀನಿ ಮಾರಾಯ್ತಿ" ಅಂತ ಅಪ್ಪಾಜಿ ಗೋಗರೆದರೆ, "ನನ್ನ ಬಾಯಲ್ಲಿ ಬಂದ್ರೆ ಹಾಗೇ ಆಗೋದು, ಸುಮ್ನಿರಿ" ಅಂತ ಅವ್ವ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಯುದ್ಧ ಬಂತು. ಕ್ಯಾಪ್ಟನ್ ಆಗಿದ್ದ ಅಪ್ಪಾಜಿ ಹಡಗು ಹತ್ತಿ ಮಲಯ ದೇಶಕ್ಕೆ ಹೋದರು. ನಾವು ಭದ್ರಾವತಿಗೆ ಬಂದೆವು. ಅವ್ವನ ಅಣ್ಣ ರುದ್ರಪ್ಪ ಮಾವ ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಕ್ವಾರ್ಟರ್ಸಿನ ಪುಟ್ಟ ಮನೆ. ಹಿತ್ತಿಲಿಗೊಂದು ಗೂಟದ ಬೇಲಿ, ಬೇಲಿಯಾಚೆ ಕಣ್ಣಮ್ಮನ ಮನೆ. ಅವಳ ಗಂಡ ಕುಲುಮೆಯಲ್ಲಿ ಕೆಲಸಕ್ಕಿದ್ದ, ಸೇಲಂ ಕಡೆಯವರು. ಗಾಳಿ ನಮ್ಮ ಕಡೆ ಬೀಸಿದರೆ ಒಣಹಾಕಿದ ಬಟ್ಟೆಗೆಲ್ಲ ಕಾದ ಕಬ್ಬಿಣದ ವಾಸನೆ. ಮೊದಮೊದಲು ಮೂಗು ಮುರಿದೆವು, ಆಮೇಲೆ ಅದಿಲ್ಲದ ದಿನ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತಿತ್ತು.

ಭದ್ರಾವತಿಯಲ್ಲಿ ಅವ್ವನಿಗೊಂದು ಅನುಕೂಲವಾಯಿತು. ಕಣ್ಣಮ್ಮ ಹಾಲಿಗೆ "ಪಾಲ್" ಅನ್ನುತ್ತಿದ್ದಳು. ಅವ್ವ ಅದನ್ನು ಗಬಕ್ಕನೆ ಹಿಡಿದುಕೊಂಡು ಬಿಳೇದನ್ನು ಬಿಟ್ಟೇಬಿಟ್ಟಳು. ಒಂದು ಬೆಳಿಗ್ಗೆ ಮಾವನ ಮುಂದೆ, "ಅಣ್ಣಾ, ಇವತ್ತೂ ನಮ್ಮ ಪಾಲು ಬರ್ಲಿಲ್ಲ ಕಣೋ. ಮಕ್ಕಳಿಗೆ ಏನು ಕೊಡ್ಲಿ?" ಅಂದಳು. ಮಾವನ ಹೆಂಡತಿ ಒಳಗಿಂದ ಕೇಳಿಸಿಕೊಂಡು, ನಾದಿನಿ ಆಸ್ತಿಯಲ್ಲಿ ಪಾಲು ಕೇಳುತ್ತಿದ್ದಾಳೆ ಅಂತ ಒಲೆ ಮುಂದೆ ಕೂತು ಅಳುವುದಕ್ಕೇ ಶುರುಮಾಡಿದಳು. ವಿಷಯ ಗೊತ್ತಾದ ಮೇಲೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತಿನಿಂದ ಆ ಬೀದಿಯಲ್ಲೆಲ್ಲ ಅದೊಂದು ಮಾತಾಯಿತು. ಬೆಳಗಾದರೆ ಕಣ್ಣಮ್ಮ ಬೇಲಿ ಹತ್ತಿರ ನಿಂತು, "ಅಕ್ಕಾ, ಪಾಲ್ ಬಂತಾ?" ಅಂತ ಕೇಳುವಳು. "ಬಂತು ಕಣೇ" ಅಂತಲೋ "ಇನ್ನೂ ಇಲ್ಲ ಕಣೇ" ಅಂತಲೋ ಅವ್ವ ಹೇಳುವಳು.

ಸಿಂಗಪುರ ಜಪಾನಿನವರ ಕೈಗೆ ಬಿದ್ದ ಸುದ್ದಿ ಬಂದ ಮೇಲೆ ಕಾಗದ ನಿಂತವು. ಮೂರೂವರೆ ವರ್ಷ. ಸೆರೆ ಸಿಕ್ಕಿದ್ದಾರೆ ಅನ್ನುವುದೊಂದು ಗೊತ್ತು, ಅದರಾಚೆ ಏನೂ ಗೊತ್ತಿಲ್ಲ. ಅವ್ವ ಅತ್ತದ್ದನ್ನು ನಾನು ನೋಡಲಿಲ್ಲ. ಕುಂಕುಮ ಮಾತ್ರ ಮೊದಲಿಗಿಂತ ದೊಡ್ಡದಾಗಿ ಇಟ್ಟುಕೊಳ್ಳುತ್ತಿದ್ದಳು. ಯಾರೂ ಬಾಯಿ ತೆರೆಯಬಾರದು ಅಂತಲೇ ಹಾಗೆ ಇಡುತ್ತಿದ್ದಳು ಅಂತ ನನಗೆ ಅರ್ಥವಾದದ್ದು ಬಹಳ ವರ್ಷದ ಮೇಲೆ.

ನಲವತ್ತೈದರಲ್ಲಿ ಯುದ್ಧ ಮುಗಿಯಿತು. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದಾರೆ ಅಂತ ಸುದ್ದಿ ಬಂತು. ಅವ್ವ, ಮಾವ ಹೋಗಿ ನೋಡಿ ಬಂದರು. ಮಂಚದ ತಲೆಕಡೆ ಒಂದು ನಂಬರು ಕಟ್ಟಿದ್ದಾರೆ, ನರ್ಸಮ್ಮ ಆ ನಂಬರು ಹೇಳಿಯೇ ಕರೆಯುತ್ತಾಳೆ ಅನ್ನುವುದಷ್ಟನ್ನೇ ಅವ್ವ ನಮಗೆ ಹೇಳಿದಳು. ದೀಪಾವಳಿ ಕಳೆದ ಮೇಲೆ ಆಸ್ಪತ್ರೆಯವರು ಅವರೊಬ್ಬರನ್ನೇ ರೈಲು ಹತ್ತಿಸಿ ಮನೆಗೆ ಕಳಿಸಿದರು. ಜೊತೆಗೊಂದು ಕಾಗದ: ಮನೆಯಲ್ಲಿದ್ದು ಸುಧಾರಿಸಿದರೆ ಸರಿ, ಇಲ್ಲದಿದ್ದರೆ ವಾಪಸು ಕರೆತಂದು ಸೇರಿಸಬೇಕು.

ಅವರು ಬರುವ ರೈಲಿಗೆ ನಾವೆಲ್ಲ ಭದ್ರಾವತಿ ಸ್ಟೇಷನ್ನಿನಲ್ಲಿ ಕಾದೆವು. ಕಣ್ಣಮ್ಮ ಕಟ್ಟಿಕೊಟ್ಟ ಸೇವಂತಿಗೆ ಮಾಲೆ ನನ್ನ ಕೈಯಲ್ಲಿತ್ತು. ರೈಲು ನಿಂತಿತು. ಬೇಕಾದಷ್ಟು ಜನ ಇಳಿದರು, ಅಪ್ಪಾಜಿ ಇಳಿಯಲಿಲ್ಲ. ಗಾಡಿ ಹೊರಡುವಾಗ ನೀಲ ಕೈ ತೋರಿಸಿದಳು. ಕಿಟಕಿಯಲ್ಲಿ ಒಬ್ಬರು ಬೆನ್ನು ನೆಟ್ಟಗೆ ಮಾಡಿ ಎದುರಿಗೆ ನೋಡುತ್ತ ಕೂತಿದ್ದರು. ಅವ್ವ ಸೆರಗು ಸಿಕ್ಕಿಸಿ ಓಡಿದಳು.

"ರೀ! ರೀ!"

ರೀ ಅಂದರೆ ಯಾರು ನೋಡಬೇಕು? ಎಲ್ಲರ ಹೆಂಡಿರೂ ರೀ ಅನ್ನುವವರೇ. ಬೋಗಿಯಲ್ಲಿದ್ದ ಗಂಡಸರೆಲ್ಲ ಕತ್ತು ಹೊರಹಾಕಿ ನೋಡಿದರು. ನೋಡಬೇಕಾದವರು ನೋಡಲಿಲ್ಲ. ಹೆಸರು ಹಿಡಿದು ಒಂದು ಸಲ ಕೂಗಿದ್ದರೆ ಆಗಿಹೋಗುತ್ತಿತ್ತು. ಅವ್ವನ ಬಾಯಿ ತೆರೆದದ್ದೂ ನನಗೆ ನೆನಪಿದೆ, ಏನೂ ಹೊರಬರದೆ ಮುಚ್ಚಿಕೊಂಡದ್ದೂ ನೆನಪಿದೆ. ರೈಲು ಶಿವಮೊಗ್ಗದ ಕಡೆ ಹೋಗಿಯೇಬಿಟ್ಟಿತು.

ಮಾವ ಯಾರದೋ ಲಾರಿ ಹಿಡಿದು ಶಿವಮೊಗ್ಗಕ್ಕೆ ಹೋದ. ಅಲ್ಲಿ ಪ್ಲಾಟ್‌ಫಾರಂ ಖಾಲಿಯಾಗಿ, ಕೂಲಿಗಳೂ ಮನೆಗೆ ಹೋದ ಮೇಲೆ, ಅಪ್ಪಾಜಿ ಒಬ್ಬರೇ ಟ್ರಂಕಿನ ಪಕ್ಕ ಅಟೆನ್ಷನ್ನಿನಲ್ಲಿ ನಿಂತಿದ್ದರಂತೆ. ಯಾರಾದರೂ ಬಂದು ಹೋಗು ಅನ್ನಲಿ ಅಂತ.

ಮನೆಗೆ ಬಂದವರು ಯಾರಿಗೂ ತೊಂದರೆ ಕೊಡಲಿಲ್ಲ. ಕೊಟ್ಟದ್ದು ಉಂಡರು, ಕೂರು ಅಂದಲ್ಲಿ ಕೂತರು. ನಮ್ಮ ತಲೆ ಸವರುವರು, ಹೆಸರು ಹೇಳಿ ಕರೆಯರು. ಆದರೆ ಬೆಳಗಿನ ಜಾವ ಕಾರ್ಖಾನೆಯ ಸೈರನ್ ಕೂಗಿದ್ದೇ ತಡ, ಎದ್ದು ಹಿತ್ತಿಲಿಗೆ ಹೋಗಿ ಬೇಲಿಗೆ ಎದುರಾಗಿ ನಿಂತುಬಿಡುವರು. ಬಿಸಿಲು ಬೆನ್ನು ಸುಡುವವರೆಗೂ ನಿಂತಿರುವರು. ಕೆಲವು ದಿನ ಮಧ್ಯಾಹ್ನದ ಊಟದ ಹೊತ್ತಾಗುತ್ತಿತ್ತು. ಸೆರೆಯಲ್ಲಿ ಬೆಳಿಗ್ಗೆ ಸಂಜೆ ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಿದ್ದರಂತೆ. ಲೆಕ್ಕ ತಪ್ಪಿದರೆ ಸರಿಹೋಗುವವರೆಗೆ ಯಾರೂ ಅಲ್ಲಾಡುವಂತಿಲ್ಲ. ಅವರವರ ಸಿಪಾಯಿಗಳ ಲೆಕ್ಕ ಒಪ್ಪಿಸುವ ಹೊಣೆ ಆಫೀಸರರದ್ದು. ಇದನ್ನು ಮಾವನಿಗೆ ಆಸ್ಪತ್ರೆಯಲ್ಲಿ ಪಕ್ಕದ ಮಂಚದವರೊಬ್ಬರು ಹೇಳಿದ್ದರು.

ಮಾರ್ಗಶಿರದ ಮಂಜಿನಲ್ಲಿ ಜ್ವರ ಬಂದ ಮೈಯಲ್ಲೇ ನಿಂತಿದ್ದ ಒಂದು ದಿನ ಮಾವ ರಟ್ಟೆ ಹಿಡಿದು ಎಳೆದ. "ಬನ್ನಿ ಭಾವ, ಒಳಗೆ ಬನ್ನಿ." ಅಪ್ಪಾಜಿ ಅವನಿಗೊಂದು ಸೆಲ್ಯೂಟ್ ಹೊಡೆದು ಮತ್ತೆ ಹಾಗೇ ನಿಂತರು. ಮಾವ ಒಳಗೆ ಬಂದು ಗೋಡೆಗೆ ಮುಖ ಮಾಡಿ ಅತ್ತ. ಆಳು ಅಂದರೆ ಅಂಥ ಆಳು ನಮ್ಮ ಮಾವ, ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಂಗೀ, ನನಗೆ ಭಾರ ಅಂತಲ್ಲ" ಅಂದ ಆಮೇಲೆ. "ಮನುಷ್ಯ ಹಿಂಗೇ ನಿಂತೂ ನಿಂತೂ ಸತ್ತೋಗ್ತಾರೆ ಕಣಮ್ಮ. ಯುಗಾದಿ ಕಳೀಲಿ, ನಾನೇ ಬೆಂಗಳೂರಿಗೆ ಕರ್ಕೊಂಡು ಹೋಗಿ ಸೇರಿಸ್ತೀನಿ."

"ಅಲ್ಲಿ ಮತ್ತೆ ನಂಬರ್ ಕಟ್ತಾರೆ ಕಣಣ್ಣ" ಅಂದಳು ಅವ್ವ.

"ಕಟ್ಟಲಿ. ಜೀವ ಉಳಿಯುತ್ತಲ್ಲ."

ಅವನು ಹೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಮಾತ್ರ ಕ್ಯಾಲೆಂಡರಿನ ಮುಂದೆ ನಿಂತು ಯುಗಾದಿಗೆ ಎಷ್ಟು ದಿನ ಅಂತ ನೋಡತೊಡಗಿದೆ. ಹಬ್ಬ ಬರದಿರಲಿ ಅಂತ ಯಾವ ಮಗುವೂ ಬೇಡಿಕೊಂಡಿರಲಾರದು, ನಾನು ಬೇಡಿಕೊಂಡೆ.

ಬೆಳಿಗ್ಗೆ ಅವರಿಗೆ ಕಾಫಿ ಲೋಟ ಒಯ್ಯುವುದು ನನ್ನ ಕೆಲಸ. ತೆಗೆದುಕೊಳ್ಳುತ್ತಿರಲಿಲ್ಲ, ಆದರೂ ಒಯ್ಯುತ್ತಿದ್ದೆ. ಶಿವರಾತ್ರಿಯ ಹೊತ್ತಿಗೆ ಒಂದು ದಿನ ಹತ್ತಿರ ಹೋಗಿ ನಿಂತಾಗ ಅವರ ತುಟಿ ಅಲ್ಲಾಡುವುದು ಕಂಡಿತು. ಬೆರಳು ಸಣ್ಣಗೆ ಕುಣಿಯುತ್ತಿತ್ತು. ಬೇಲಿಯ ಗೂಟಗಳನ್ನು ಎಣಿಸುತ್ತಿದ್ದರು. ಈ ತುದಿಯಿಂದ ಆ ತುದಿಗೆ ಎಣಿಸಿ, "ಒಬ್ಬ ಕಮ್ಮಿ" ಅನ್ನುವರು. ಮತ್ತೆ ಮೊದಲಿನಿಂದ ಶುರು. ಮತ್ತೆ "ಒಬ್ಬ ಕಮ್ಮಿ".

ನನಗೆ ಖುಷಿಯೋ ಖುಷಿ. ಇಷ್ಟೇನಾ ಅನ್ನಿಸಿತು! ನೀಲನನ್ನು ಎಬ್ಬಿಸಿಕೊಂಡು ಹೋಗಿ, ಸೌದೆ ರಾಶಿಯಿಂದ ಒಂದು ಗೂಟ ಆರಿಸಿ, ಮಧ್ಯಾಹ್ನವೆಲ್ಲ ಒದ್ದಾಡಿ ಬೇಲಿಯ ಕೊನೆಗೆ ನೆಟ್ಟೆವು. ಕಲ್ಲಿನಿಂದ ಬಡಿಯುವಾಗ ನೀಲನ ಹೆಬ್ಬೆರಳು ಜಜ್ಜಿಹೋಯಿತು, ಅವಳು ಅಳಲೂ ಇಲ್ಲ. ಮರುದಿನ ಇಬ್ಬರೂ ಹಿತ್ತಿಲ ಬಾಗಿಲ ಹಿಂದೆ ಅಡಗಿ ನಿಂತೆವು. ಅಪ್ಪಾಜಿ ಎಣಿಸಿದರು. ಹೊಸ ಗೂಟದ ಮುಂದೆ ಬೆರಳು ನಿಂತಿತು. "ಒಬ್ಬ ಕಮ್ಮಿ" ಅಂದರು.

ಆಗ ನನಗೆ ತಡೆಯಲಾಗಲಿಲ್ಲ. ಅವ್ವನ ಮಡಿಲಿಗೆ ಹೋಗಿ ಬಿದ್ದು ಎಲ್ಲವನ್ನೂ ಹೇಳಿದೆ. ಗೂಟದ ಕಥೆ ಕೇಳಿ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕುಯ್ಯುತ್ತಿದ್ದ ಬದನೆಕಾಯಿ ಕೈಯಲ್ಲೇ ಉಳಿಯಿತು.

"ಏನಂದ್ರು? ಇನ್ನೊಂದ್ಸಲ ಹೇಳು."

"ಒಬ್ಬ ಕಮ್ಮಿ ಅಂದ್ರು. ಗೂಟ ಹಾಕಿದ್ರೂ ಒಬ್ಬ ಕಮ್ಮಿ."

ಅವ್ವ ಬದನೆಕಾಯಿ ಕೆಳಗಿಟ್ಟು, "ಎಣಿಸೋರು ತಮ್ಮನ್ನ ಎಣಿಸ್ಕೊಂಡ್ರೇನೇ?" ಅಂದಳು. ನನ್ನನ್ನಲ್ಲ, ಈಳಿಗೆಮಣೆಯನ್ನು ಕೇಳಿದ ಹಾಗಿತ್ತು.

ಕಮ್ಮಿಯಿದ್ದ ಆ ಒಬ್ಬ ಯಾರು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಅವರು ಮಣ್ಣು ಮಾಡಿ ಬಂದ ಯಾವ ತಾಯಿಯ ಮಗನೋ. ಆಮೇಲಿನ ವರ್ಷಗಳಲ್ಲಿ ಅಪ್ಪಾಜಿ ಕಾರ್ಖಾನೆಯ ಗೇಟಿನ ಕಾವಲಿನವರಿಗೆ ಮೇಲಧಿಕಾರಿಯಾದರು, ನಮ್ಮಿಬ್ಬರ ಮದುವೆ ಮಾಡಿದರು, ಮೊಮ್ಮಕ್ಕಳ ಅಂಗಿಗೂ ಗುಂಡಿ ಹೊಲಿದರು. ಆ ಒಬ್ಬನ ಮಾತು ಮಾತ್ರ ಎತ್ತಲಿಲ್ಲ, ನಾವೂ ಕೇಳಲಿಲ್ಲ. ಆ ಒಬ್ಬ ಅಪ್ಪಾಜಿಯೇ ಅಂತ ಅವ್ವ ತಿಳಿದದ್ದೇ ಸರಿಯೆಂದು ನಾನು ಹೇಳಲಾರೆ. ಆದರೆ ಅವಳ ಕೈಯಲ್ಲಿ ಇದ್ದದ್ದು ಅದೊಂದೇ.

ಯುಗಾದಿಗೆ ನಾಲ್ಕು ದಿನವಿತ್ತು. ಮಾವ ಆಗಲೇ ರಜೆ ಬರೆದುಕೊಟ್ಟಿದ್ದ. ಬೆಳಿಗ್ಗೆ ಸೈರನ್ ಕೂಗಿತು, ಅಪ್ಪಾಜಿ ಎದ್ದು ಹೋದರು. ಅವ್ವ ಆಗಲೇ ಸ್ನಾನ ಮಾಡಿ, ವಿಭೂತಿ ಕುಂಕುಮ ಇಟ್ಟು, ಒಗೆದ ಸೀರೆ ಉಟ್ಟಿದ್ದಳು. ನಮ್ಮಿಬ್ಬರನ್ನೂ ಎಬ್ಬಿಸಿದಳು. "ಮುಖ ತೊಳ್ಕೊಳ್ಳಿ. ಹಿತ್ತಿಲಿಗೆ ಬನ್ನಿ" ಅಂದಳು. ನಾವು ಹೋಗಿ ಬೇಲಿಯ ಮುಂದೆ, ಅಪ್ಪಾಜಿಗೆ ಎದುರಾಗಿ ನಿಂತೆವು. ಅವರ ಬೆರಳು ಅಷ್ಟರಲ್ಲೇ ಎಣಿಕೆ ಶುರುಮಾಡಿತ್ತು. ಅವ್ವ ನಮ್ಮ ಪಕ್ಕ ಬಂದು ನಿಂತಳು.

"ಸುಶೀಲಾ!"

ಅವ್ವ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ. ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ಬೆಂಗಳೂರಿನ ಹಿತ್ತಿಲು ನೆನಪಾಯಿತು.

"ಹಾಜರ್!" ಅಂದೆ.

"ನೀಲಾ!"

"ಹಾಜರ್!" ಅವಳಿಗೆ ಈಗ ನಾಲಿಗೆ ತಿರುಗುತ್ತಿತ್ತು.

"ಪಾರ್ವತಮ್ಮ!" ಅಂತ ತನ್ನ ಹೆಸರು ತಾನೇ ಕೂಗಿ, "ಹಾಜರ್" ಅಂತ ತಾನೇ ಹೇಳಿದಳು. ಅಪ್ಪಾಜಿಯ ಬೆರಳು ನಿಂತಿತು.

ಅವ್ವ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಯಸ್ಸು ಕಡಿಮೆಯಾಗುತ್ತದೆ ಅಂತ ಅವಳು ನಿಜವಾಗಿ ನಂಬಿದ್ದಳು. ನಂಬದೆ ಸುಮ್ಮನೆ ಪಾಲಿಸುವವಳಾಗಿದ್ದರೆ ಇದೇನು ಮಹಾ?

"ಹಾಲೇಶಪ್ಪ!"

ಬೇಲಿಯಾಚೆ ಕಣ್ಣಮ್ಮ ಪಾತ್ರೆ ತಿಕ್ಕುತ್ತಿದ್ದ ಸದ್ದು ನಿಂತಿತು. ಮಾವ ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದ. ಅಪ್ಪಾಜಿ ಗೂಟಗಳನ್ನು ಬಿಟ್ಟು ಅವ್ವನನ್ನು ನೋಡಿದರು. ಏನೋ ಕೇಳಿಸಿತಲ್ಲ, ಯಾರು ಕರೆದದ್ದು ಅಂತ ಹುಡುಕುವವರ ಹಾಗೆ ನೋಡಿದರು. ಅವ್ವ ಇನ್ನೊಂದು ಸಲ ಕೂಗಲಿಲ್ಲ. ಹಾಜರಿಯಲ್ಲಿ ಹೆಸರು ಒಂದೇ ಸಲ ಕರೆಯುವುದು, ಅದು ಅವರೇ ಕಲಿಸಿದ್ದು. ಅವರ ಹಿಮ್ಮಡಿ ಒಂದಕ್ಕೊಂದು ತಾಗಿದವು.

"ಹಾಜರ್" ಅಂದರು.

"ಲೆಕ್ಕ ಸರಿ ಇದೆ" ಅಂದಳು ಅವ್ವ. "ಎಲ್ಲಾ ಒಳಗೆ ನಡೀರಿ. ರೊಟ್ಟಿ ಆರುತ್ತೆ."

ಅಪ್ಪಾಜಿ ಒಂದು ಹೆಜ್ಜೆ ಇಟ್ಟರು. ಆಮೇಲೆ ಅಲ್ಲೇ ಸೌದೆ ರಾಶಿಯ ಮೇಲೆ ಕುಸಿದು ಕೂತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು, "ಕಡೆಗೂ ಹೇಳಿದ್ಯಲ್ಲೇ ಮಾರಾಯ್ತಿ" ಅಂದರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ. ನೀಲ ಓಡಿಹೋಗಿ ಅವರ ಮೊಣಕಾಲು ತಬ್ಬಿಕೊಂಡಳು. "ನೀಲಾ" ಅಂದರು ಅವರು, ತಲೆ ಸವರುತ್ತಾ. ಸೆರೆಯಿಂದ ಬಂದ ಮೇಲೆ ಅವರ ಬಾಯಲ್ಲಿ ಮನೆಯವರ ಹೆಸರು ಬಂದದ್ದು ಅವತ್ತೇ ಮೊದಲು. ಅದಾದ ಮೇಲೂ ಎಷ್ಟೋ ಬೆಳಿಗ್ಗೆ ಸೈರನ್ನಿಗೆ ಎದ್ದು ಹಿತ್ತಿಲಿಗೆ ಹೋಗಿದ್ದಾರೆ, ಸ್ವಲ್ಪ ಹೊತ್ತು ನಿಂತು ಒಳಗೆ ಬಂದಿದ್ದಾರೆ. ಮಾವ ಬೆಂಗಳೂರಿಗೆ ಹೋಗಲಿಲ್ಲ.

ಅವ್ವ ಗಲ್ಲ ಗಲ್ಲ ಬಡಿದುಕೊಂಡು "ಶಿವ ಶಿವಾ, ತಪ್ಪಾಯ್ತಪ್ಪಾ" ಅಂತ ಮೂಡಣಕ್ಕೆ ಕೈಮುಗಿದಳು. ಜೀವ ಇರುವವರೆಗೂ ಆ ಹೆಸರನ್ನು ಅವಳು ಮತ್ತೆ ಹೇಳಲಿಲ್ಲ. ಗಾಳಿ ಕಾರ್ಖಾನೆಯ ಕಡೆಯಿಂದ ಬೀಸುತ್ತಿತ್ತು, ಹಿತ್ತಿಲೆಲ್ಲ ಕಾದ ಕಬ್ಬಿಣದ ವಾಸನೆ.

ಬೇಲಿಯಾಚೆ ಕಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ದಿನಾ ಕೇಳುವುದನ್ನೇ ಕೇಳಿದಳು.

"ಅಕ್ಕಾ, ಪಾಲ್ ಬಂತಾ?"

ಹಾಲಿನವಳು ಅವತ್ತು ಇನ್ನೂ ಬಂದಿರಲಿಲ್ಲ.

"ಬಂತು ಕಣೇ" ಅಂದಳು ಅವ್ವ. "ನನ್ನ ಪಾಲು ಬಂತು."